ಕೆರಿ ನೀರು ಹಸರ ಮಾಡೋರು ಯಾರು?

ಬಾದಾಮಿ ಅಗಸ್ತ್ಯ ತೀರ್ಥದ ಫೋಟೋ ಯಾರರೆ ಹಾಕಿದ್ರ ಸಾಕು, ನೀರು ಎಷ್ಟ್ ಹಸರೈತಿ ಅಂತ ಕಾಮೆಂಟ್ ಬರ್ತಾವ. ಆದ್ರ ಕೆರಿ ಹಸರು ಅನ್ನೋದು ಒಂದ ಜೀವಿ ಅಲ್ರಿ, ಯಾವ್ದರೆ ಕೆರಿ ನೀರು ಮೈಕ್ರೋಸ್ಕೋಪ್ ಕೆಳಗ ಇಟ್ಟು ನೋಡ್ರಿ, ಫೈಟೋಪ್ಲಾಂಕ್ಟನ್ (ನೀರಾಗ ತೇಲೋ ಸಣ್ಣ ಸಣ್ಣ ಪಾಚಿ) ಜಾತಿ ಒಂದೆರಡಲ್ಲ, ಭಾಳ ಸಿಗ್ತಾವ. ಅದ ನೀರು, ಅದ ಬಿಸಿಲು, ಅದ ನಾಕೈದು ಪೋಷಕಾಂಶ, ಹಂಗಿದ್ರ ಒಬ್ಬಾಂವ ಗೆದ್ದು ಉಳಿದವರೆಲ್ಲಾ ಯಾಕ ಹೋಗಂಗಿಲ್ಲ? 1961ರಾಗ ಹಚಿನ್ಸನ್ ಅನ್ನೋ ವಿಜ್ಞಾನಿ ಇದನ್ನ ಕೇಳಿದ್ರು.

ಉತ್ತರ ಅವುಗಳ ಮೈಯಾಗ ಐತಿ. 1970ರ ದಶಕದಾಗ ಟಿಲ್ಮನ್ ಅನ್ನೋ ವಿಜ್ಞಾನಿ ಎರಡು ಡಯಾಟಮ್ (ಸಿಲಿಕಾ ಚಿಪ್ಪಿನ ಸಣ್ಣ ಪಾಚಿ) ಕೂಡಿಸಿ ಬೆಳಸಿದ್ರು, ಆಸ್ಟೆರಿಯೊನೆಲ್ಲಾ ಮತ್ತ ಸೈಕ್ಲೊಟೆಲ್ಲಾ. ಮೊದಲನೇದು ಸ್ವಲ್ಪ ಫಾಸ್ಫರಸ್‌ನಾಗ ಬದುಕ್ತೈತಿ, ಎರಡನೇದು ಸ್ವಲ್ಪ ಸಿಲಿಕಾದಾಗ. ಫಾಸ್ಫರಸ್ ಕಡಿಮಿ ಆದ್ರ ಮೊದಲನೇದು ಗೆಲ್ತು, ಸಿಲಿಕಾ ಕಡಿಮಿ ಆದ್ರ ಎರಡನೇದು, ಮೊದಲನೇದಕ್ಕ ಸಿಲಿಕಾ ಕೊರತಿ ಎರಡನೇದಕ್ಕ ಫಾಸ್ಫರಸ್ ಕೊರತಿ ಇದ್ದಾಗ ಎರಡೂ ಉಳದ್ವು! ಎಲ್ಲಾದ್ರಾಗೂ ಗಟ್ಟಿ ಅನ್ನೋ ಜಾತಿನ ಇಲ್ಲ. ಸಣ್ಣ ಮೈ ಇದ್ದದ್ದು ಪೋಷಕಾಂಶ ಲಗೂನ ಹೀರ್ಕೊಂತೈತಿ ಆದ್ರ ಲಗೂನ ತಿನ್ನಿಸ್ಕೊಂತೈತಿ, ದೊಡ್ಡ ಗುಂಪು ಕಟ್ಟಿದ್ದನ್ನ ನೀರಿನ ಸಣ್ಣ ಹುಳಕ್ಕ ನುಂಗಾಕ ಆಗಂಗಿಲ್ಲ ಆದ್ರ ಅದರ ಬೆಳವಣಿಗಿ ನಿಧಾನ.

ಈಗ ನಮ್ಮ ಕಡೆ ನೋಡ್ರಿ. ಡಯಾಟಮ್‌ಗೆ ಸಿಲಿಕಾದ ಚಿಪ್ಪು, ತೂಕ ಜಾಸ್ತಿ, ನೀರು ಕಲಕ್ತಾ ಇದ್ರ ತೇಲ್ತಾವ ಇಲ್ಲಂದ್ರ ತಳ ಸೇರ್ತಾವ. ಬ್ಯಾಸಿಗ್ಯಾಗ ನೀರು ನಿಂತಾಗ ಮೈಕ್ರೊಸಿಸ್ಟಿಸ್ ಅನ್ನೋ ನೀಲಿ-ಹಸರು ಪಾಚಿಗೆ ಹಬ್ಬ, ಅದರ ಮೈಯಾಗ ಗಾಳಿ ತುಂಬಿದ ಸಣ್ಣ ಚೀಲ ಇರ್ತಾವ, ಮ್ಯಾಲೆ ಬಂದು ಬಿಸಿಲೆಲ್ಲಾ ತಾನ ಹಿಡಕೊಂಡು ಕೆಳಗಿನವಕ್ಕ ಕತ್ತಲಿ ಮಾಡ್ತೈತಿ. ಅನಾಬೀನಾ ಅನ್ನೋ ನೀಲಿ-ಹಸರು ಪಾಚಿ ಇನ್ನೊಂದು ನಮೂನಿ, ಗಾಳಿ ನೈಟ್ರೋಜನ್ನ ಬಳಸ್ತೈತಿ, ನೀರಾಗ ನೈಟ್ರೇಟ್ ಇಲ್ಲಂದ್ರೂ ನಡಿತೈತಿ, ಫಾಸ್ಫರಸ್ ಸಿಕ್ರ ಸಾಕು. ಆ ಫಾಸ್ಫರಸ್ ಊರಿನ ಗಟಾರ ನೀರಾಗ ಬೇಕಾದಷ್ಟು ಇರ್ತೈತಿ.

ಹಿಂಗಾಗಿ ಮೈಲುತುತ್ತ ಹಾಕಿ ಪಾಚಿ ಕೊಲ್ಲೂಣು ಅಂದ್ರ ನನಗ ಸಂಕಟ ಆಗ್ತೈತಿ. ಮೈಕ್ರೊಸಿಸ್ಟಿಸ್ ಕೋಶ ಒಡದ್ರ ಒಳಗಿದ್ದ ವಿಷ ನೀರಿಗೆ ಬರ್ತೈತಿ, ಫಾಸ್ಫರಸ್ ಅಲ್ಲೇ ಉಳಿತೈತಿ, ಮುಂದ ಮತ್ತ ಅದ. ಗಟಾರ ತಡೀಬೇಕು, ತಳದ ಹೂಳಿನಿಂದಾನೂ ಫಾಸ್ಫರಸ್ ವರ್ಷಗಟ್ಲೆ ಬಿಡ್ತಿರ್ತೈತಿ ಅದಕ್ಕ ಹೂಳೂ ತೆಗೀಬೇಕು. ಅಲ್ಲೀತನಕ ಹಸರು ಕೆನಿ ಕಟ್ಟಿದ ದಂಡ್ಯಾಗ ದನಕ್ಕ ನೀರು ಕುಡಸಬ್ಯಾಡ್ರಿ, ಗಾಳಿ ಆ ಕೆನಿನೆಲ್ಲಾ ಒಂದ್ ಕಡೆ ದೂಡಿ ಕೂಡಿಸಿರ್ತೈತಿ, ವಿಷ ಇದ್ರ ಅಲ್ಲೇ ಜಾಸ್ತಿ.