60 ಅಂಕಕ್ಕೆ ಗುಣ, 65 ಅಂಕಕ್ಕೆ ಕಾಯಿಲೆ

ತುಳುವಿನಲ್ಲಿ ‘ಬಚ್ಚೆಲ್’ ಅಂದರೆ ದಣಿವು. ಬಿಸಿಲಲ್ಲಿ ಬಂದವರಿಗೆ ಜಗಲಿಯಲ್ಲಿ ಬೆಲ್ಲ ನೀರು ಕೊಟ್ಟರೆ ಅದು ಇಳಿಯುತ್ತದೆ. ಎಂಇ/ಸಿಎಫ್‌ಎಸ್ (ಸಿಎಫ್‌ಎಸ್ ಅಂದರೆ ಕ್ರಾನಿಕ್ ಫಟೀಗ್ ಸಿಂಡ್ರೋಮ್, ಬಿಡದೆ ಕಾಡುವ ಸುಸ್ತು) ಎಂದು ವೈದ್ಯರು ಬರೆಯುವ ಕಾಯಿಲೆಯ ಸುಸ್ತು ಆ ಜಾತಿಯದಲ್ಲ. ಶನಿವಾರ ಮದುವೆ ಹಾಲ್‌ನಲ್ಲಿ ಅರ್ಧ ದಿನ ನಿಂತು ಓಡಾಡಿದವರು ಭಾನುವಾರ ಹೇಗೋ ಸುಧಾರಿಸಿಕೊಂಡಿರುತ್ತಾರೆ. ಸೋಮವಾರ ಬಾವಿಯಿಂದ ಒಂದು ಕೊಡ ನೀರು ಸೇದಲೂ ಆಗುವುದಿಲ್ಲ, ಓದಿದ ಸಾಲು ತಲೆಗೆ ಹತ್ತುವುದಿಲ್ಲ, ಬೆಳಕೂ ಸದ್ದೂ ಬೇಡವಾಗುತ್ತದೆ. ಶ್ರಮಕ್ಕೂ ಅದರ ಏಟಿಗೂ ನಡುವೆ ಹೆಚ್ಚಾಗಿ 12ರಿಂದ 48 ಗಂಟೆ ಅಂತರ. ಇದಕ್ಕೆ ‘ಪೋಸ್ಟ್ ಎಕ್ಸರ್ಷನಲ್ ಮಲೈಸ್’, ಚುಟುಕಾಗಿ ಪಿಇಎಂ ಎನ್ನುತ್ತಾರೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ ಪಿಇಎಂ ಇಲ್ಲದಿದ್ದರೆ ಇದು ಆ ಕಾಯಿಲೆಯೇ ಅಲ್ಲ.

ಹಾಗಿದ್ದರೆ ‘ದಿನಾ ಸ್ವಲ್ಪ ಸ್ವಲ್ಪ ವಾಕಿಂಗ್ ಹೆಚ್ಚಿಸಿ, ಸರಿಯಾಗ್ತದೆ’ ಎಂಬ ಸಲಹೆಗೆ ವೈದ್ಯಕೀಯ ಮುದ್ರೆ ಬಿದ್ದದ್ದು ಎಲ್ಲಿ?

ಅದರ ದೊಡ್ಡ ಆಧಾರ ಬ್ರಿಟನ್ನಿನ ಪೇಸ್ ಪ್ರಯೋಗ. 641 ರೋಗಿಗಳು, ಸುಮಾರು 50 ಲಕ್ಷ ಪೌಂಡ್ ಖರ್ಚು, 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟ. ಗುಂಪುಗಳು ನಾಲ್ಕು: ಒಂದಕ್ಕೆ ತಜ್ಞ ವೈದ್ಯರ ಆರೈಕೆ ಮಾತ್ರ, ಉಳಿದವಕ್ಕೆ ಅದರ ಜೊತೆಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ಜಿಇಟಿ ಎಂಬ ಹಂತಹಂತದ ವ್ಯಾಯಾಮ, ಇಲ್ಲವೇ ಶಕ್ತಿಗೆ ತಕ್ಕಷ್ಟೇ ಕೆಲಸ ಹೊಂದಿಸಿಕೊಳ್ಳುವ ತರಬೇತಿ. ಸಿಬಿಟಿ, ಜಿಇಟಿ ಎರಡರಲ್ಲೂ 22% ಜನ ಗುಣವಾದರು ಎಂದು 2013ರಲ್ಲಿ ಇನ್ನೊಂದು ಲೇಖನ ಬಂತು. ಬರೀ ಆರೈಕೆಯ ಗುಂಪಿನಲ್ಲಿ 7%.

ಈ ‘ಗುಣ’ವನ್ನು ಅಳೆದ ಕೋಲು ನೋಡಬೇಕು ಮಾರಾಯ್ರೆ. ಅಳತೆಗಳಲ್ಲಿ ಒಂದು ಎಸ್‌ಎಫ್-36 ಎಂಬ ಪ್ರಶ್ನಾವಳಿಯ ದೈಹಿಕ ಸಾಮರ್ಥ್ಯದ ಭಾಗ. ಹತ್ತು ಪ್ರಶ್ನೆ: ಸಾಮಾನಿನ ಚೀಲ ಎತ್ತಲು ಆಗುತ್ತದೆಯೇ, ಒಂದು ಮಹಡಿ ಹತ್ತಲು, ಬಗ್ಗಲು, ಮೈಲಿಗಿಂತ ಹೆಚ್ಚು ನಡೆಯಲು, ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳಲು, ಹೀಗೆ. ಏನೂ ತೊಂದರೆ ಇಲ್ಲದಿದ್ದರೆ 10, ಸ್ವಲ್ಪ ಇದ್ದರೆ 5, ತುಂಬಾ ಇದ್ದರೆ 0. ಒಟ್ಟು 100. ಪ್ರಯೋಗಕ್ಕೆ ಸೇರಿಸಿಕೊಳ್ಳಲು ಅಂಕ 65 ಅಥವಾ ಅದಕ್ಕಿಂತ ಕಡಿಮೆ ಇರಬೇಕಿತ್ತು. ಅಂದರೆ 65 ಬಂದವರು ಕಾಯಿಲೆಯವರು. ಗುಣವಾದವರ ಪಟ್ಟಿಗೆ ಬೇಕಿದ್ದ ಷರತ್ತುಗಳಲ್ಲೊಂದು, ಅಂಕ 60 ಅಥವಾ ಹೆಚ್ಚು. ಹತ್ತರಲ್ಲಿ ಎಂಟು ಕೆಲಸಕ್ಕೆ ‘ಸ್ವಲ್ಪ ತೊಂದರೆ’ ಎಂದು ಬರೆದವರಿಗೂ 60 ಸಿಗುತ್ತದೆ, ಕೂಡಿಸಿ ನೋಡಿ. 65ರಿಂದ 60ಕ್ಕೆ ಇಳಿದವರೂ ಈ ಒಂದು ಷರತ್ತಿನಲ್ಲಿ ಪಾಸು! ಚಿಕಿತ್ಸೆ ಶುರುವಾಗುವ ಮುಂಚೆಯೇ 13% ರೋಗಿಗಳು ದೈಹಿಕ ಸಾಮರ್ಥ್ಯ, ಸುಸ್ತು ಈ ಎರಡರಲ್ಲಿ ಕನಿಷ್ಠ ಒಂದರಲ್ಲಿ ‘ಸಾಮಾನ್ಯ’ರಾಗಿದ್ದರು.

2007ರಲ್ಲಿ ಅಚ್ಚಾದ ಮೂಲ ಯೋಜನೆಯಲ್ಲಿ ಗುಣದ ಗೆರೆ ಇದ್ದದ್ದು 85ಕ್ಕೆ. ನಂತರ ಬಂದ 60ರ ಲೆಕ್ಕ ಹೀಗೆ: ಜನಸಾಮಾನ್ಯರ ಸರಾಸರಿ 84, ಅದರಿಂದ ಒಂದು ಸ್ಟಾಂಡರ್ಡ್ ಡೀವಿಯೇಶನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ), ಇಲ್ಲಿ 24, ಕಳೆದದ್ದು. ಅಂಕಗಳು ಗಂಟೆಯ ಆಕಾರದಲ್ಲಿ, ಅಂದರೆ ಸರಾಸರಿಯ ಎರಡೂ ಕಡೆ ಸಮನಾಗಿ, ಹರಡಿದ್ದರೆ ಈ ಲೆಕ್ಕ ನಡೆಯುತ್ತದೆ. ಇಲ್ಲಿ ಆರೋಗ್ಯವಂತರೆಲ್ಲ 100ರ ಹತ್ತಿರ ಗುಂಪಾಗಿರುತ್ತಾರೆ, ಮುದುಕರೂ ರೋಗಿಗಳೂ ಸರಾಸರಿಯನ್ನು ಕೆಳಗೆಳೆಯುತ್ತಾರೆ. ಆ ಜನಸಾಮಾನ್ಯರಲ್ಲಿ 65 ವರ್ಷ ದಾಟಿದವರೂ ಇದ್ದರು. ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಯನ್ನೇ ಮರು ಎಣಿಕೆಗೆ ಹಾಕುವ ಜಿಲ್ಲೆ ನಮ್ಮದು. ಪರೀಕ್ಷೆ ಮುಗಿದ ಮೇಲೆ ಪಾಸ್ ಅಂಕ ಇಳಿಸಿದ್ದನ್ನು ಇಲ್ಲಿ ಯಾರು ಒಪ್ಪುತ್ತಾರೆ?

ಎರಡನೆಯ ದೋಷ ಇದಕ್ಕಿಂತ ಆಳದ್ದು. ವ್ಯಾಯಾಮ ಮಾಡುತ್ತಿದ್ದೇನೆಂದು ರೋಗಿಗೆ ಗೊತ್ತು, ಮಾಡಿಸುವವರಿಗೂ ಗೊತ್ತು. ಮುಚ್ಚಿಡಲು ಆಗದ ಚಿಕಿತ್ಸೆಯ ಫಲವನ್ನು ರೋಗಿಯ ಬಾಯಿಂದಲೇ ಕೇಳಿ ಬರೆದರೆ, ನಿರೀಕ್ಷೆಯೂ ದಾಕ್ಷಿಣ್ಯವೂ ಅಂಕದಲ್ಲಿ ಬೆರೆಯುತ್ತವೆ. ಅದಕ್ಕೇ ದೇಹ ಎಷ್ಟು ಚಲಿಸಿತೆಂದು ಅಳೆಯುವ ಯಂತ್ರ ಬೇಕು. ಪ್ರಯೋಗದ ಆರಂಭದಲ್ಲಿ ರೋಗಿಗಳ ಮೈಗೆ ಕಟ್ಟಿದ ಆ ಯಂತ್ರವನ್ನು ಕೊನೆಯ ಅಳತೆಯಿಂದ ಕೈಬಿಟ್ಟರು. ಇದು ಸಾಲದೆಂಬಂತೆ, ಪ್ರಯೋಗ ನಡೆಯುತ್ತಿರುವಾಗಲೇ ಭಾಗವಹಿಸಿದ ಕೆಲವರು ಚಿಕಿತ್ಸೆಯನ್ನು ಹೊಗಳಿದ ಮಾತುಗಳಿದ್ದ ವಾರ್ತಾಪತ್ರವೂ ರೋಗಿಗಳ ಕೈಗೆ ಹೋಯಿತು. ಉಳಿದ ನೇರ ಅಳತೆಗಳಲ್ಲಿ ಒಂದು, ಆರು ನಿಮಿಷದ ನಡಿಗೆ. ಜಿಇಟಿ ಗುಂಪು 312 ಮೀಟರಿನಿಂದ ವರ್ಷದ ಕೊನೆಗೆ 379ಕ್ಕೆ ಬಂತು. ಬರೀ ಆರೈಕೆಯವರು 314ರಿಂದ 348ಕ್ಕೆ. ಮಂಗಳಾ ಕ್ರೀಡಾಂಗಣದ ಟ್ರ್ಯಾಕಿನ ಒಂದು ಸುತ್ತು 400 ಮೀಟರ್. ವರ್ಷದ ವ್ಯಾಯಾಮದ ನಂತರವೂ ಆರು ನಿಮಿಷಕ್ಕೆ ಒಂದು ಸುತ್ತು ಪೂರ್ತಿಯಾಗಲಿಲ್ಲ.

ಇದನ್ನೆಲ್ಲ ಹೊರಗೆಳೆದದ್ದು ಹಾಸಿಗೆ ಬಿಟ್ಟು ಏಳಲು ಕಷ್ಟಪಡುವ ರೋಗಿಗಳೇ. ಆಸ್ಟ್ರೇಲಿಯಾದ ಅಲೆಮ್ ಮ್ಯಾಥೀಸ್ 2014ರಲ್ಲಿ ಬ್ರಿಟನ್ನಿನ ಮಾಹಿತಿ ಹಕ್ಕಿನಡಿ, ಹೆಸರಿಲ್ಲದ ಕಚ್ಚಾ ಅಂಕಿ ಕೇಳಿದರು. ಪೇಸ್‌ನ ಅಂಕಿ ಇಟ್ಟುಕೊಂಡಿದ್ದ ಕ್ವೀನ್ ಮೇರಿ ವಿಶ್ವವಿದ್ಯಾಲಯ ಕೊಡಲಿಲ್ಲ. ಕೊಡಬೇಕೆಂದು ಮಾಹಿತಿ ಆಯುಕ್ತರು ಹೇಳಿದ ಮೇಲೂ ಅದು ಮೇಲ್ಮನವಿ ಹಾಕಿ, ಸುಮಾರು ಎರಡೂವರೆ ಲಕ್ಷ ಪೌಂಡ್ ಸುರಿಯಿತು. 2016ರ ಆಗಸ್ಟಿನಲ್ಲಿ ನ್ಯಾಯಮಂಡಳಿ ರೋಗಿಯ ಪರ ತೀರ್ಪು ಕೊಟ್ಟಿತು. ಮೂಲ ಯೋಜನೆಯ ಗೆರೆಯಲ್ಲೇ ಎಣಿಸಿದಾಗ ಗುಣವಾದವರು ಸಿಬಿಟಿಯಲ್ಲಿ 7%, ಜಿಇಟಿಯಲ್ಲಿ 4%, ಬರೀ ಆರೈಕೆಯಲ್ಲಿ 3%. 2021ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಮಾರ್ಗಸೂಚಿ ಬದಲಿಸಿ, ಜಿಇಟಿ ಕೊಡಬೇಡಿ ಎಂದಿತು. ಸಿಬಿಟಿಯನ್ನು ಕಾಯಿಲೆಯೊಂದಿಗೆ ಬದುಕಲು ನೆರವಾಗುವ ಮಟ್ಟಿಗೆ ಮಾತ್ರ ಉಳಿಸಿತು.

ರೋಗಿಗಳಿಗೆ ಹಿಡಿಸದ ಫಲಿತಾಂಶವಾದ್ದರಿಂದ ಗಲಾಟೆ ಎಂಬ ಮಾತು ಉಂಟು. ನಾರ್ವೆಯಲ್ಲಿ ಪ್ರಯೋಗಿಸಿದ ರಿಟುಕ್ಸಿಮಾಬ್ ಎಂಬ ಔಷಧದ ಕತೆ ನೋಡಿ. 2011ರಲ್ಲಿ 30 ಜನರ ಪ್ರಯೋಗದಲ್ಲಿ ಔಷಧ ಪಡೆದ 15ರಲ್ಲಿ 10 ಮಂದಿಗೆ ಫಲ ಸಿಕ್ಕಿತು, ರೋಗಿಗಳು ತುಂಬಾ ಆಸೆ ಇಟ್ಟುಕೊಂಡಿದ್ದರು. 151 ಜನರ ಮುಂದಿನ ಪ್ರಯೋಗದಲ್ಲೂ ಯಾರಿಗೆ ಏನು ಎಂದು ಯಾರಿಗೂ ತಿಳಿಯದಂತೆ ಕೊಟ್ಟರು. ಔಷಧದವರಲ್ಲಿ 26%, ಸುಳ್ಳು ಔಷಧದವರಲ್ಲಿ 35% ಮಂದಿಗೆ ಫಲ! 2019ರಲ್ಲಿ ಅದು ಪ್ರಕಟವಾದಾಗ ಬೇಸರವಾಯಿತು, ಆದರೆ ಯಾರಿಗೆ ಏನು ಎಂಬುದನ್ನು ಮುಚ್ಚಿಟ್ಟಿದ್ದರಿಂದ ತಕರಾರಿಗೆ ಜಾಗವೇ ಇರಲಿಲ್ಲ. ಅಲ್ಲೂ ಫಲ ಅಳೆದದ್ದು ರೋಗಿಗಳನ್ನು ಕೇಳಿಯೇ; ಬಾಯಿಂದ ಕೇಳಿದ ಅಂಕವನ್ನು ಎಷ್ಟು ನಂಬಬಹುದು ಎಂಬುದಕ್ಕೆ ಆ 35% ಒಂದೇ ಸಾಕು.

ಇನ್ನು ನಮ್ಮಲ್ಲಿ. ಮಂಗಳೂರು, ಮಣಿಪಾಲದ ಸುತ್ತ ಮೆಡಿಕಲ್ ಕಾಲೇಜುಗಳಿಗೆ ಬರವಿಲ್ಲ, ಪ್ರಯೋಗಕ್ಕೆ ಸೇರುತ್ತೀರಾ ಎಂಬ ಪ್ರಶ್ನೆ ಯಾರಿಗೂ ಬರಬಹುದು. ಸಿಟಿಆರ್‌ಐ ಎಂಬ ಸರಕಾರಿ ಜಾಲತಾಣದಲ್ಲಿ 2009ರ ಜೂನ್ 15ರಿಂದ ಇಂಥ ಪ್ರಯೋಗಗಳ ನೋಂದಣಿ ಕಡ್ಡಾಯ. ಯಾರೂ ಪುಕ್ಕಟೆ ನೋಡಬಹುದು. ದಾಖಲೆಯ ತಲೆಯಲ್ಲೇ ಪ್ರಯೋಗ ಶುರುವಾಗುವ ಮೊದಲು ನೋಂದಾಯಿಸಿದ್ದೋ ಆಮೇಲೋ ಎಂದು ಬರೆದಿರುತ್ತದೆ. ಬ್ಲೈಂಡಿಂಗ್ ಎಂಬಲ್ಲಿ ‘ಓಪನ್ ಲೇಬಲ್’ (ಯಾರಿಗೆ ಯಾವ ಚಿಕಿತ್ಸೆ ಎಂದು ಎಲ್ಲರಿಗೂ ಗೊತ್ತು) ಎಂದಿದ್ದು, ಮುಖ್ಯ ಫಲಿತಾಂಶ ಪ್ರಶ್ನಾವಳಿಯೇ ಆಗಿದ್ದರೆ ಪೇಸ್‌ನ ತೊಂದರೆಯೇ. ಇವತ್ತಿನ ಪುಟವನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಲೇಖನ ಬಂದ ದಿನ ಸಾಲು ಸಾಲಾಗಿ ಹೋಲಿಸಬಹುದು. ಸುಸ್ತಿನ ಪ್ರಯೋಗವಾದರೆ ಸೇರಿಸಿಕೊಳ್ಳುವ ಷರತ್ತಿನಲ್ಲಿ ಪಿಇಎಂ ಉಂಟೋ ನೋಡಿ. ಪೇಸ್ ಬಳಸಿದ 1991ರ ಆಕ್ಸ್‌ಫರ್ಡ್ ಮಾನದಂಡಕ್ಕೆ ಆರು ತಿಂಗಳ ಸುಸ್ತು ಇದ್ದರೆ ಸಾಕಿತ್ತು, ಪಿಇಎಂ ಬೇಕಿರಲಿಲ್ಲ.

ಒಪಿಡಿಗೆ ಹೋಗುವವರು ಎರಡು ವಾರದ ಡೈರಿ ಒಯ್ಯಿರಿ. ಎದ್ದ ಕೂಡಲೇ ನಾಡಿ, ಮಾಡಿದ ಕೆಲಸ, ಎಷ್ಟು ನಿಮಿಷ ನಿಂತದ್ದು, ಅದರ ಮುಂದಿನ ಮೂರು ದಿನ ಹೇಗಿತ್ತು. ಆ ದಿನದ್ದನ್ನು ಮಾತ್ರ ಬರೆದರೆ ಪಿಇಎಂ ಕಾಣುವುದೇ ಇಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ. ನಿಂತಾಗ ತಲೆ ತಿರುಗುವವರನ್ನು ಹತ್ತು ನಿಮಿಷ ಮಲಗಿಸಿ ನಾಡಿ, ಬಿಪಿ ನೋಡಿ, ಆಮೇಲೆ ಗೋಡೆಗೆ ಒರಗಿಸಿ ಹತ್ತು ನಿಮಿಷ ನಿಲ್ಲಿಸಿ ನಿಮಿಷಕ್ಕೊಮ್ಮೆ ಅಳೆಯಿರಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಕಣ್ಣು ಕತ್ತಲೆ ಬಂದರೆ ತಕ್ಷಣ ಮಲಗಿಸಬೇಕು. ಮೇ ತಿಂಗಳ ನಮ್ಮ ಸೆಕೆಯಲ್ಲಿ ಮಧ್ಯಾಹ್ನ ಬೇಡ, ಬೆಳಿಗ್ಗೆ ಮಾಡಿ. ಬಿಪಿ ಇಳಿಯದೆ ನಾಡಿ 30 ಅಥವಾ ಹೆಚ್ಚು ಏರಿ ಹಾಗೇ ನಿಂತರೆ ಆ ಹಾಳೆಯನ್ನೂ ವೈದ್ಯರಿಗೆ ತೋರಿಸಿ. ಹಿಮೋಗ್ಲೋಬಿನ್, ಫೆರಿಟಿನ್, ಟಿಎಸ್‌ಎಚ್, ಬಿ12, ಸಕ್ಕರೆ ಇವುಗಳ ವರದಿ ಹಳೆಯದಾಗಿದ್ದರೆ ಮೊದಲು ಅವೇ ಆಗಬೇಕು. ಎಲ್ಲ ಸುಸ್ತೂ ಇದೇ ಕಾಯಿಲೆಯದಲ್ಲ.

ಪ್ರಯೋಗಕ್ಕೆ ಒಪ್ಪಿ ಸಹಿ ಹಾಕಿದವರಿಗೆ ಮಾಹಿತಿ ಹಾಳೆ ಮತ್ತು ತುಂಬಿದ ಒಪ್ಪಿಗೆ ಪತ್ರದ ಪ್ರತಿ ಕೊಡಬೇಕೆಂದು ಔಷಧ ಪ್ರಯೋಗಗಳ ಬಗ್ಗೆ ಕೇಂದ್ರ ಸರಕಾರದ 2019ರ ನಿಯಮ ಹೇಳುತ್ತದೆ. ಇಂಗ್ಲಿಷ್ ಹಾಳೆ ಮುಂದಿಟ್ಟರೆ ಕನ್ನಡದ್ದು ಕೇಳಿ, ಮನೆಗೆ ಒಯ್ದು ಓದಿ ಮಾರನೆ ದಿನ ಸಹಿ ಹಾಕಿ. ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಆ ಹಾಳೆಯಲ್ಲಿ ಉಂಟೋ ಎಂದು ಹುಡುಕಿ, ಇಲ್ಲದಿದ್ದರೆ ಬರೆಸಿಕೊಳ್ಳಿ.