ಒಂದೇ ಪ್ರಾಜೆಕ್ಟು, ಹಲವು ಮೇನ್‌ಗಳು: ಕೊನೆಗೂ ಬಿಲ್ಡ್ ಆಯಿತು

ಕನ್ನಂಬಾಡಿ ಕಟ್ಟೆಯ ನೀರಿನ ಲೆಕ್ಕಕ್ಕೆಂದು ಬರೆಯುತ್ತಿರುವ ಸಣ್ಣ ಸಿ ಪ್ರೋಗ್ರಾಂಗಳೆಲ್ಲವೂ ಈಗ ಐಡಿಇಯ (ಕೋಡ್ ಬರೆದು ಓಡಬಲ್ಲ ಪ್ರೋಗ್ರಾಂ ಆಗಿಸುವ ತಂತ್ರಾಂಶದ) ಒಂದೇ ಪ್ರಾಜೆಕ್ಟಿನೊಳಗೆ, ಒಂದರ ಗೊಡವೆಗೆ ಇನ್ನೊಂದು ಹೋಗದಂತೆ, ಬಿಲ್ಡ್ ಆಗುತ್ತಿವೆ. ಒಂದು ಒಳಹರಿವು ಮತ್ತು ಹೊರಹರಿವಿನ ವ್ಯತ್ಯಾಸ ತೆಗೆಯುತ್ತದೆ. ಇನ್ನೊಂದು, ನೀರಿನ ಮಟ್ಟ ಗರಿಷ್ಠ 124.80 ಅಡಿಗೆ ಎಷ್ಟು ಕಡಿಮೆಯಿದೆ ಎಂದು ತೋರಿಸುತ್ತದೆ. ಪ್ರತಿಯೊಂದಕ್ಕೂ ತನ್ನದೇ ಮೇನ್, ಅಂದರೆ ಪ್ರೋಗ್ರಾಂ ಓಡಲು ಶುರುವಾಗುವ ಫಂಕ್ಷನ್, ಇದೆ. ತೊಡಕೂ ಅಲ್ಲೇ ಇತ್ತು.

ಯಾವ ಫೈಲಿನಿಂದ ಏನು ಬಿಲ್ಡ್ ಆಗಬೇಕೆಂದು ಹೇಳಲು ನಾನು ಬಳಸುವ ಸಾಧನ ಸಿಮೇಕ್. ಫೈಲ್‌ಗಳನ್ನೆಲ್ಲ ಅದರ ಒಂದೇ ಆ್ಯಡ್_ಎಕ್ಸಿಕ್ಯೂಟಬಲ್‌ಗೆ (ಒಂದು ಪ್ರೋಗ್ರಾಂ ತಯಾರಿಸುವ ಆಜ್ಞೆಗೆ) ಸೇರಿಸಿದರೆ, ಕಂಪೈಲರ್ ಚಕಾರವೆತ್ತದೆ ಒಂದೊಂದನ್ನೂ ಆಬ್ಜೆಕ್ಟ್ ಫೈಲ್ ಮಾಡಿಕೊಡುತ್ತದೆ. ಆಮೇಲೆ ಅವನ್ನು ಒಂದುಗೂಡಿಸುವ ಲಿಂಕರ್ ‘ಮಲ್ಟಿಪಲ್ ಡೆಫಿನಿಷನ್ ಆಫ್ ಮೇನ್’ (ಮೇನ್ ಒಂದಕ್ಕಿಂತ ಹೆಚ್ಚಿದೆ) ಎಂದು ನಿಂತುಬಿಡುತ್ತದೆ. ಬೇಡದ ಮೇನ್‌ಗಳನ್ನು ಆಗಾಗ ಕಾಮೆಂಟ್ ಮಾಡಿ ನಿಷ್ಕ್ರಿಯವಾಗಿಡುವುದು ನನಗೆ ಒಪ್ಪಿಗೆಯಾಗದ ದಾರಿ. ಅದರ ಬದಲು, ಫೋಲ್ಡರಿನ ಫೈಲ್‌ಗಳನ್ನು ಹುಡುಕಿಕೊಡುವ ಸಿಮೇಕ್‌ನ ಗ್ಲಾಬ್‌ನಿಂದ ಪಟ್ಟಿ ಪಡೆದು, ಒಂದೊಂದನ್ನೂ ಸರದಿಯಾಗಿ ತೆಗೆದುಕೊಳ್ಳುವ ಫೋರ್‌ಈಚ್‌ನೊಳಗೆ ಪ್ರತಿ ಫೈಲಿಗೂ ಅದರದೇ ಹೆಸರಿನ ಟಾರ್ಗೆಟ್ (ಬೇರೆಯಾಗಿ ಬಿಲ್ಡ್ ಆಗುವ ಘಟಕ) ಕೊಟ್ಟೆ. ಗ್ಲಾಬ್‌ಗೆ ಕಾನ್ಫಿಗರ್_ಡಿಪೆಂಡ್ಸ್ ಎಂಬ ಆಯ್ಕೆ ಸೇರಿಸಿದರೆ ಹೊಸ ಫೈಲ್ ಮುಂದಿನ ಬಿಲ್ಡ್‌ನಲ್ಲಿ ತಾನಾಗಿಯೇ ಪಟ್ಟಿಗೆ ಬರುತ್ತದೆ.

ನಿಜವಾಗಿ ಕಾಡಿದ್ದು ಕ್ಯೂಸೆಕ್ಕನ್ನು ಟಿಎಂಸಿಗೆ ಬದಲಿಸುವ ಫಂಕ್ಷನ್. ದಿನವಿಡೀ 11,574 ಕ್ಯೂಸೆಕ್ ಹರಿದರೆ ಸುಮಾರು ಒಂದು ಟಿಎಂಸಿ. ಈ ಲೆಕ್ಕ ಎಲ್ಲ ಪ್ರೋಗ್ರಾಂಗಳಿಗೂ ಬೇಕು. ಅದನ್ನು ಪ್ರತ್ಯೇಕ ಫೈಲಿನಲ್ಲಿಟ್ಟರೆ ಫೋರ್‌ಈಚ್ ಅದನ್ನೂ ಒಂದು ಪ್ರೋಗ್ರಾಂ ಎಂದೇ ಎಣಿಸುತ್ತದೆ, ಆಗ ಲಿಂಕರ್ ಮೇನ್ ಸಿಗಲಿಲ್ಲ ಎನ್ನುತ್ತದೆ. ಮೊದಲು ಮೇನ್ ಹೆಚ್ಚಾದ ತಕರಾರು, ಈಗ ಇಲ್ಲದ ತಕರಾರು! ಫೈಲನ್ನು ‘ಸಾಮಾನ್ಯ’ ಎಂಬ ಬೇರೆ ಫೋಲ್ಡರಿಗೆ ಸಾಗಿಸಿ, ಸ್ಟ್ಯಾಟಿಕ್ ಲೈಬ್ರರಿ (ಬೇರೆ ಪ್ರೋಗ್ರಾಂಗಳಿಗೆ ಸೇರಿಸಬಹುದಾದ, ಮೇನ್ ಬೇಡದ ಕೋಡಿನ ಕಂತೆ) ಮಾಡಿ, ಪ್ರತಿ ಟಾರ್ಗೆಟ್‌ಗೂ ಲಿಂಕ್ ಮಾಡಿದ ಮೇಲೆ ಎರಡೂ ತಕರಾರುಗಳು ನಿಂತವು. ಅರ್ಧ ಬರೆದ ಫೈಲೊಂದು ಒಳಗಿದ್ದರೂ ಚಿಂತೆಯಿಲ್ಲ. ಎಲ್ಲವನ್ನೂ ಬಿಲ್ಡ್ ಮಾಡುವ ‘ಆಲ್’ ಬಿಟ್ಟು ಬೇಕಾದ ಟಾರ್ಗೆಟ್ ಒಂದನ್ನೇ ಆರಿಸಿದರೆ ಅದು ಅಡ್ಡಬರುವುದಿಲ್ಲ.

ಮುಂದಿನ ಕೆಲಸ ಮಂಡ್ಯದ ನಮ್ಮ ಗದ್ದೆಯ ಪಕ್ಕದ ವಿ.ಸಿ. ನಾಲೆಯ ತೂಬಿನ ಬಳಿ ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿ ನೀರಿನ ಮಟ್ಟ ಅಳೆಯುವುದು. ಸೆನ್ಸರನ್ನು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಬಂದಿದೆ, ಆದರೆ ಅಂಗಡಿಯವರು ಕಳುಹಿಸಿದ ಯುಎಸ್‌ಬಿ ಕೇಬಲ್ ಚಾರ್ಜ್ ಮಾಡಲಷ್ಟೇ ಆಗುತ್ತದೆ, ಒಳಗೆ ಡೇಟಾ ತಂತಿಯೇ ಇಲ್ಲ. ಹಣ ಪೂರ್ತಿ ಪಡೆದು ಇಂಥದ್ದನ್ನು ಕಳುಹಿಸುವುದು ಅನ್ಯಾಯ. ಬದಲಿ ಕೇಬಲ್ ಬರುವುದರೊಳಗೆ ಬೋರ್ಡಿನ ಪ್ರೋಗ್ರಾಂಗೆ ಪ್ರತ್ಯೇಕ ಬಿಲ್ಡ್ ಫೋಲ್ಡರ್ ಸಿದ್ಧಪಡಿಸಬೇಕು, ಏಕೆಂದರೆ ಸಿಮೇಕ್‌ನ ಒಂದು ಬಿಲ್ಡ್ ಫೋಲ್ಡರಿನಲ್ಲಿ ಲ್ಯಾಪ್‌ಟಾಪಿನ ಸಿ ಕಂಪೈಲರ್ ಮತ್ತು ಬೋರ್ಡಿನ ಸಿ ಕಂಪೈಲರ್ ಎರಡನ್ನೂ ಒಟ್ಟಿಗೆ ಬಳಸಲಾಗದು. ‘ಸಾಮಾನ್ಯ’ ಫೋಲ್ಡರ್ ಮಾತ್ರ ಎರಡಕ್ಕೂ ಒಂದೇ.