ಕೆಟ್ಟ ಸುದ್ದಿಯನ್ನು ಮೊದಲೇ ಹೇಳುವ ಸಪ್ಲೈಯರ್

ಪರ್ಚೇಸ್‌ನಲ್ಲಿ ಕೆಲಸ ಮಾಡಿದ ಎಲ್ಲರೂ ಈ ಮಾತು ಕೇಳಿರುತ್ತಾರೆ: ‘ಗಾಡಿ ಹೊರಟಿದೆ ಸಾರ್.’ ಹೊರಟಿರುವುದಿಲ್ಲ. ಎಷ್ಟೋ ಸಲ ಲೋಡಿಂಗ್ ಕೂಡ ಶುರುವಾಗಿರುವುದಿಲ್ಲ. ಮಾಲು ಸಾಗಿಸಲು ಮಾಡಿಸಬೇಕಾದ ಇ-ವೇ ಬಿಲ್‌ನ ನಂಬರ್ ಕೊಡಿ ಅಂದರೆ ‘ಹತ್ತು ನಿಮಿಷ ಸಾರ್’ ಅಂತಾರೆ. ಆಮೇಲೆ ಫೋನ್ ಎತ್ತುವುದಿಲ್ಲ.

ನಾನು ಪೀಣ್ಯದಲ್ಲಿ ಪಂಪ್‌ಸೆಟ್ ಮಾಡುವ ಕಂಪನಿಯೊಂದರಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ಕಾಸ್ಟಿಂಗ್, ಅಂದರೆ ಕರಗಿಸಿದ ಕಬ್ಬಿಣ ಅಚ್ಚಿಗೆ ಹೊಯ್ದು ಮಾಡುವ ಭಾಗಗಳು, ಬೆಳಗಾವಿಯಿಂದ ಬರುತ್ತವೆ. ಶಾಫ್ಟ್ ಟರ್ನಿಂಗ್, ಪಂಪ್ ಕೂರಿಸುವ ಬೇಸ್ ಫ್ರೇಮ್ ಎಲ್ಲ ಪೀಣ್ಯದ ಸಣ್ಣ ಶೆಡ್‌ಗಳಲ್ಲೇ ಆಗುತ್ತೆ. ರೇಟ್ ಇಳಿಸುವವನೇ ಜಾಣ ಪರ್ಚೇಸ್ ಮ್ಯಾನೇಜರ್ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ರೇಟ್ ಮುಖ್ಯ, ಇಲ್ಲ ಅನ್ನಲ್ಲ. ಆದರೆ ನನ್ನ ಪ್ರಕಾರ ಒಳ್ಳೆ ಸಪ್ಲೈಯರ್ ಅಂದರೆ, ಮಾಲು ತಡವಾಗುತ್ತೆ ಅಂತ ತನಗೆ ಗೊತ್ತಾದ ದಿನವೇ ನನಗೂ ಹೇಳುವವನು. ಅವನು ಹೇಳುತ್ತಾನೋ ಇಲ್ಲವೋ ಅನ್ನುವುದು ಅವನ ಸ್ವಭಾವಕ್ಕಿಂತ ನಾವು ನಡೆದುಕೊಳ್ಳುವ ರೀತಿಯ ಮೇಲೇ ಜಾಸ್ತಿ ನಿಂತಿದೆ.

ಒಂದು ಜುಲೈನಲ್ಲಿ ಬೆಳಗಾವಿಯಲ್ಲಿ ಮಳೆ ಹಿಡಿದುಕೊಂಡಿತ್ತು. ಅಲ್ಲಿನ ಉದ್ಯಮಬಾಗ್ ಕೈಗಾರಿಕಾ ಪ್ರದೇಶದಲ್ಲಿ ನಮಗೆ ಕಾಸ್ಟಿಂಗ್ ಹೊಯ್ದುಕೊಡುವ ಫೌಂಡ್ರಿಯ ಮಾಲೀಕರು ಬೆಳಿಗ್ಗೆಯೇ ಫೋನ್ ಮಾಡಿದರು. ‘ಸರ್, ಈ ವಾರದ ಮಾಲು ಕಳಸಾಕ ಆಗೂದಿಲ್ರಿ. ಕೋರ್ ಹಸಿ ಹಿಡದಾವು.’

ಕೋರ್ ಅಂದರೆ ಕಾಸ್ಟಿಂಗ್ ಒಳಗೆ ಟೊಳ್ಳು ಬರಲಿ ಅಂತ ಅಚ್ಚಿನೊಳಗೆ ಇಡುವ ಮರಳಿನ ತುಂಡು. ಪಂಪ್‌ನ ಹೊರಕವಚವಾದ ಕೇಸಿಂಗ್‌ನಲ್ಲಿ ನೀರು ಸುತ್ತುವ ದಾರಿ ಆಗುವುದು ಇದರಿಂದಲೇ. ಮಳೆಗಾಲದಲ್ಲಿ ಕೋರ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ಅದರ ಸುತ್ತ 1,300 ಡಿಗ್ರಿಗೂ ಜಾಸ್ತಿ ಬಿಸಿಯ ಕಬ್ಬಿಣ ಹೊಯ್ದರೆ ತೇವ ಆವಿಯಾಗುತ್ತೆ. ಹೊರಗೆ ಹೋಗಲು ದಾರಿ ಸಿಗದೆ ಕಬ್ಬಿಣದೊಳಗೇ ಗುಳ್ಳೆಯಾಗಿ ಉಳಿಯುತ್ತೆ. ಅದೇ ಬ್ಲೋ ಹೋಲ್. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ.

ಅವರು ಅವತ್ತು ಸುಮ್ನೆ ಹೊಯ್ದು ಕಳಿಸಿಬಿಡಬಹುದಿತ್ತು. ಪ್ರೈಮರ್ ಹೊಡೆದ ಮೇಲೆ ಗೇಟ್‌ನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾವು ಅದನ್ನು ಮೆಷಿನ್‌ಗೆ ಹಾಕಿ ಬೋರಿಂಗ್ ಮಾಡಿ, ಫ್ಲೇಂಜ್ ಫೇಸಿಂಗ್ ಮಾಡಿ, ಡ್ರಿಲ್ ಹಾಕಿ, ಕೊನೆಗೆ ಹೈಡ್ರೋ ಟೆಸ್ಟ್‌ಗೆ ಕೂರಿಸುತ್ತಿದ್ದೆವು. ಕೇಸಿಂಗ್ ಒಳಗೆ ನೀರು ತುಂಬಿ, ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು ಹಿಡಿಯುತ್ತಾರೆ. ಕೆಟ್ಟ ಕಾಸ್ಟಿಂಗ್ ಆದರೆ ಸ್ವಲ್ಪ ಹೊತ್ತಿಗೆ ಒಣ ಮೈಮೇಲೆ ಸಾಸಿವೆ ಕಾಳಷ್ಟು ಹನಿ ಮೂಡುತ್ತೆ. ಒರೆಸಿದರೆ ಅದೇ ಜಾಗದಲ್ಲಿ ಮತ್ತೆ ಮೂಡುತ್ತೆ. ಅಲ್ಲಿಗೆ ಮುಗೀತು. ಕಾಸ್ಟಿಂಗ್ ದುಡ್ಡನ್ನು ಡೆಬಿಟ್ ನೋಟ್ ಹಾಕಿ ಅವರ ಬಿಲ್‌ನಲ್ಲಿ ಹಿಡಿಯಬಹುದು. ಮಷೀನಿಂಗ್ ಖರ್ಚು, ಹೋದ ದಿನಗಳು, ಗಿರಾಕಿಗೆ ಕೊಟ್ಟ ಮಾತು? ಅದಕ್ಕೆ ಯಾವ ನೋಟ್ ಹಾಕೋದು?

ಫೋನ್ ಮೊದಲೇ ಬಂದಿದ್ದರಿಂದ ಪ್ಲಾನಿಂಗ್‌ನವರ ಜತೆ ಕೂತು, ಸ್ಟಾಕ್‌ನಲ್ಲಿ ಕಾಸ್ಟಿಂಗ್ ಇದ್ದ ಬೇರೆ ಮಾಡೆಲ್ ಮುಂದೆ ತಂದೆವು. ಅವರು ಕೋರ್‌ಗಳನ್ನು ಒಲೆಯಲ್ಲಿ ಒಣಗಿಸಿಕೊಂಡು ಮುಂದಿನ ವಾರ ಒಳ್ಳೆ ಮಾಲು ಕಳಿಸಿದರು. ಮೆಷಿನ್‌ಗಳು ಒಂದು ಪಾಳಿಯೂ ನಿಲ್ಲಲಿಲ್ಲ.

ಅವರು ಧೈರ್ಯವಾಗಿ ಹೇಳಿದ್ದಕ್ಕೆ ಕಾರಣ ಇತ್ತು. ಮೊದಲು ನಮ್ಮ ಪರ್ಚೇಸ್ ಆರ್ಡರ್‌ನಲ್ಲಿ, ಎಲ್ಲರ ಆರ್ಡರ್‌ನಲ್ಲೂ ಇರುವಂತೆ, ತಡವಾದರೆ ವಾರಕ್ಕೆ ಇಷ್ಟು ಕಡಿತ ಅಂತ ಒಂದು ಷರತ್ತಿತ್ತು. ಅದರಿಂದ ಮಾಲು ಬೇಗ ಬರಲಿಲ್ಲ, ಸುಳ್ಳು ಬೇಗ ಬಂತು. ತಾರೀಕು ಉಳಿಸಿಕೊಳ್ಳಲು ಅರ್ಧ ಮಾಲು ಕಳಿಸೋರು, ಫೆಟ್ಲಿಂಗ್, ಅಂದರೆ ಅಂಟಿದ ಮರಳು, ಹೆಚ್ಚುವರಿ ಕಬ್ಬಿಣ ತೆಗೆದು ಚೊಕ್ಕ ಮಾಡುವ ಕೆಲಸ, ಸರಿಯಾಗಿ ಮಾಡದೆ ಕಳಿಸೋರು. ಆಮೇಲೆ ಷರತ್ತು ಬದಲಾಯಿಸಿದೆವು. ಮೊದಲೇ ತಿಳಿಸಿದ ತಡಕ್ಕೆ ಕಡಿತ ಇಲ್ಲ, ವೆಂಡರ್ (ಸಪ್ಲೈಯರ್) ರೇಟಿಂಗ್‌ನಲ್ಲಿ ಅಂಕವೂ ಹೋಗುವುದಿಲ್ಲ. ತಾರೀಕು ದಾಟಿದ ಮೇಲೆ ಹೇಳಿದರೆ ಎರಡೂ ಇದೆ. ಫೋನ್‌ಗಳು ಜಾಸ್ತಿಯಾದವು. ಮೇಲಿನವರಿಗೆ ಮೊದಮೊದಲು ಗಾಬರಿ, ಇಷ್ಟೊಂದು ಜನ ತಡ ಅಂತಿದ್ದಾರಲ್ಲ ಅಂತ. ತಡಗಳು ಮೊದಲಿನಿಂದಲೂ ಅಷ್ಟೇ ಇದ್ದವು, ಈಗ ಕಾಣಿಸುತ್ತಿದ್ದವು ಅಷ್ಟೆ.

ಇನ್ನು ದುಡ್ಡಿನ ವಿಷಯ. ಇದೇ ನಿಜವಾದ ಬೇರು. ಬಿಲ್ ಯಾವ ತಾರೀಕಿಗೆ ಪಾಸಾಗುತ್ತೆ ಅಂತ ಗೊತ್ತಿಲ್ಲದ ಫೌಂಡ್ರಿಯವರು ಕರಗಿಸುವ ಕಚ್ಚಾ ಕಬ್ಬಿಣವಾದ ಪಿಗ್ ಐರನ್ ಸಾಲಕ್ಕೆ ತರಬೇಕು. ಸಾಲ ಹುಟ್ಟದಿದ್ದರೆ ಕುಲುಮೆ ನಿಲ್ಲುತ್ತೆ. ‘ಕೈಯಲ್ಲಿ ಕಾಸಿಲ್ಲ, ಅದಕ್ಕೇ ಮಾಲಿಲ್ಲ’ ಅಂತ ಗಿರಾಕಿಗೆ ಹೇಳೋಕೆ ಯಾರಿಗೆ ಬಾಯಿ ಬರುತ್ತೆ? ‘ಫರ್ನೇಸ್ ರಿಪೇರಿ’ ಅಂತಾರೆ. ಹೊಸದಾಗಿ ಸೇರಿದ ಹುಡುಗರಿಗೆ ನಾನು ಹೇಳೋದು ಇಷ್ಟೇ: ಒಬ್ಬರೇ ಸಪ್ಲೈಯರ್ ಹತ್ತಿರ ಪದೇ ಪದೇ ರಿಪೇರಿ ಕೇಳಿಬಂದರೆ, ಮೊದಲು ನಮ್ಮ ಅಕೌಂಟ್ಸ್‌ಗೆ ಹೋಗಿ ಅವರ ಬಿಲ್ ಎಲ್ಲಿದೆ ನೋಡಿ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿಯೇ ಇದೆ. 2006ರ ಎಂಎಸ್‌ಎಂಇಡಿ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ, ಲಿಖಿತ ಒಪ್ಪಂದ ಇದ್ದರೂ, 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಗಿರಾಕಿ ಮೇಲೆ ಬಡ್ಡಿ ಕೇಳಿ ಮುಂದಿನ ಆರ್ಡರ್ ಕಳೆದುಕೊಳ್ಳೋಕೆ ಯಾವ ಶೆಡ್ ಮಾಲೀಕ ತಯಾರಿದ್ದಾನೆ, ಹೇಳಿ. ಗಾಳಿ ತಿರುಗಿದ್ದು 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಸೆಕ್ಷನ್‌ಗೆ 2023ರಲ್ಲಿ ಹೊಸ ಕಲಂ ಸೇರಿದ ಮೇಲೆ. ಗಡುವಿನೊಳಗೆ ಕೊಡದ ದುಡ್ಡನ್ನು ಆ ವರ್ಷದ ಖರ್ಚು ಅಂತ ತೋರಿಸುವ ಹಾಗಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. 2024ರ ಮಾರ್ಚ್‌ನಲ್ಲಿ ಅಕೌಂಟ್ಸ್‌ನವರೇ ನನ್ನ ಟೇಬಲ್‌ಗೆ ಬಂದು, ಯಾರ್ಯಾರ ಹತ್ತಿರ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿ ಇದೆ ಅಂತ ಪಟ್ಟಿ ಕೇಳಿದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಎರಡನೇ ಸಪ್ಲೈಯರ್ ಇಟ್ಟುಕೊಂಡರೆ ಈ ತಲೆನೋವೇ ಇಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಬೋಲ್ಟ್, ಬೇರಿಂಗ್‌ಗೆ ಆ ಮಾತು ಸರಿ. ಕಾಸ್ಟಿಂಗ್‌ಗೆ ಅಚ್ಚು ಮೂಡಿಸುವ ಪ್ಯಾಟರ್ನ್ ಇನ್ನೊಂದು ಮಾಡಿಸಬೇಕು, ಸ್ಯಾಂಪಲ್ ಹೊಯ್ಸಬೇಕು, ಅಳತೆ ನೋಡಬೇಕು, ಟೆಸ್ಟ್ ಮಾಡಬೇಕು. ಕಷ್ಟ ಬಂದಾಗ ಹುಡುಕಿದರೆ ಸಿಗುವ ವಸ್ತು ಅಲ್ಲ ಅದು. ಜಾಸ್ತಿ ಓಡುವ ಮಾಡೆಲ್‌ಗಳಿಗೆ ಮಾತ್ರ ಇಟ್ಟಿದ್ದೇವೆ, ಅವರಿಗೂ ಪ್ರತಿ ತಿಂಗಳು ಸ್ವಲ್ಪವಾದರೂ ಆರ್ಡರ್ ಹೋಗುತ್ತೆ.

2021ರ ಏಪ್ರಿಲ್‌ನಲ್ಲಿ ಕೋವಿಡ್ ಎರಡನೇ ಅಲೆಗೆ ಕೈಗಾರಿಕೆಗಳ ಆಕ್ಸಿಜನ್ ಆಸ್ಪತ್ರೆಗಳಿಗೆ ಹೋಯಿತು, ಹೋಗಬೇಕಾದದ್ದೇ. ಬೇಸ್ ಫ್ರೇಮ್‌ನವರು ಉಕ್ಕಿನ ಪ್ಲೇಟ್ ಕತ್ತರಿಸುವ ಗ್ಯಾಸ್ ಕಟಿಂಗ್‌ಗೂ ಆಕ್ಸಿಜನ್ ಬೇಕು, ಅದು ನಿಲ್ಲುವ ಹಾಗಾಯಿತು. ಸಿಲಿಂಡರ್ ಖಾಲಿಯಾಗುವ ಮೊದಲೇ ಅವರು ಬಂದು ಹೇಳಿದರು. ಪ್ಲೇಟ್ ಬದಲು ‘ಸಿ’ ಆಕಾರದ ಉಕ್ಕಿನ ಸಿ-ಚಾನೆಲ್ ತಂದು ಬ್ಯಾಂಡ್‌ಸಾ ಗರಗಸದಲ್ಲಿ ಕತ್ತರಿಸೋಣ ಅಂದದ್ದೂ ಅವರೇ. ಡ್ರಾಯಿಂಗ್ ತಿದ್ದುವುದಷ್ಟೇ ನಮಗೆ ಉಳಿದ ಕೆಲಸ.

ಕೆಟ್ಟ ಸುದ್ದಿ ಅವರು ಮಾತ್ರ ಹೇಳಿದರೆ ಸಾಲದು, ನಾವೂ ಹೇಳಬೇಕು. ಮಳೆ ಚೆನ್ನಾಗಿ ಬಂದ ವರ್ಷ ನೀರಾವರಿ ಪಂಪ್‌ಗೆ ಬೇಡಿಕೆ ತಟ್ಟನೆ ಇಳಿಯುತ್ತೆ. ಅಷ್ಟರಲ್ಲಿ ಫೌಂಡ್ರಿಯವರು ನಮ್ಮ ಶೆಡ್ಯೂಲ್ ನಂಬಿ ಕಚ್ಚಾ ಮಾಲು ತಂದಿರುತ್ತಾರೆ. ಈಗ ಒಂದು ತಿಂಗಳ ಶೆಡ್ಯೂಲ್ ಪಕ್ಕಾ, ಮುಂದಿನ ಎರಡು ತಿಂಗಳದ್ದು ಅಂದಾಜು ಅಂತ ಬರೆದುಕೊಡುತ್ತೇವೆ. ಪಕ್ಕಾ ಅಂದದ್ದನ್ನು ಬೇಡವಾದರೂ ತಗೊಳ್ಳುತ್ತೇವೆ, ನಮ್ಮ ಯಾರ್ಡ್‌ನಲ್ಲೇ ಬಿದ್ದಿರಲಿ. ಅಂದಾಜು ಬದಲಾದರೆ ಅವತ್ತೇ ಫೋನ್ ಹೋಗಬೇಕು. ಕಷ್ಟ ಇರೋದು ಇಲ್ಲೇ. ಆರ್ಡರ್ ಬಂದರೆ ಸೇಲ್ಸ್‌ನವರು ಓಡಿಬಂದು ಹೇಳುತ್ತಾರೆ, ಕೈತಪ್ಪಿದರೆ ತಿಂಗಳ ಕೊನೆಯ ಮೀಟಿಂಗ್‌ವರೆಗೂ ಬಾಯಿ ಬಿಡುವುದಿಲ್ಲ. ಸಪ್ಲೈಯರ್‌ಗೆ ಇಟ್ಟ ನಿಯಮವನ್ನೇ ಅವರಿಗೂ ಇಡಿ ಅಂತ ಎಂಡಿ ಹತ್ತಿರ ಕೇಳಿದ್ದೇನೆ. ಸೋಮವಾರದ ಮೀಟಿಂಗ್‌ನಲ್ಲಿ ಮತ್ತೆ ಕೇಳುತ್ತೇನೆ.